ಹೂಳು, ಬೇರು, ಎಲೆ: ಕೆರೆಯ ಜಲಸಸ್ಯದಲ್ಲಿ ಭಾರ ಲೋಹ ಅಳೆಯುವ ಕ್ರಮ

ಬಾಟಲಿಯಲ್ಲಿ ತುಂಬಿಕೊಂಡು ಬಂದ ಕೆರೆ ನೀರು ಆ ಒಂದು ಗಳಿಗೆಯ ಲೆಕ್ಕ ಕೊಡುತ್ತದೆ. ರಾತ್ರಿ ನಾಲೆಗೆ ಬಿಟ್ಟ ತೊಳೆನೀರು ಬೆಳಗಾಗುವುದರೊಳಗೆ ಮುಂದೆ ಹರಿದಿರುತ್ತದೆ, ನಿಮ್ಮ ಬಾಟಲಿಗೆ ಅದರ ಸುಳಿವೂ ಸಿಗುವುದಿಲ್ಲ. ಹೂಳಿನಲ್ಲಿ ಬೇರು ಬಿಟ್ಟು ನೀರೊಳಗೇ ಎಲೆ ಚಾಚುವ ಸಸ್ಯ ಹಾಗಲ್ಲ. ಅದು ವಾರಗಟ್ಟಲೆ ಅಲ್ಲೇ ನಿಂತು, ಬೇರಿನಿಂದ ಹೂಳಿನ ಲೋಹವನ್ನೂ ಎಲೆಯಿಂದ ನೀರಿನ ಲೋಹವನ್ನೂ ಎಳೆದುಕೊಂಡಿರುತ್ತದೆ. ಉಷ್ಣವಲಯದ ಕಡಲತೀರಗಳಲ್ಲಿ ಕಡಲಹುಲ್ಲನ್ನು ಲೋಹ ಮಾಲಿನ್ಯದ ಸೂಚಕವಾಗಿ ನೋಡುವುದು ಇದೇ ಕಾರಣಕ್ಕೆ. ನಮ್ಮ ದೇಶದಲ್ಲಿ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪಗಳಲ್ಲಿ ಅದರ ದೊಡ್ಡ ಹಾಸುಗಳಿವೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಕಡಲಿಲ್ಲ, ಆದರೆ ಕಡಲಹುಲ್ಲಿನ ದಾಯಾದಿಗಳು ಇಲ್ಲಿನ ಕೆರೆಗಳಲ್ಲೇ ಇದ್ದಾರೆ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಎರಡೂ ಹೈಡ್ರೋಕ್ಯಾರಿಟೇಸಿ ಕುಟುಂಬದವು. ಕಡಲಿನ ಎನ್‌ಹಾಲಸ್, ಥಲಾಸಿಯಾ, ಹ್ಯಾಲೋಫಿಲಾಗಳದೂ ಅದೇ ಕುಟುಂಬ. ವ್ಯಾಲಿಸ್ನೇರಿಯಾದ ಗಂಡು ಹೂ ತೊಟ್ಟು ಕಳಚಿ ನೀರಿನ ಮೇಲೆ ತೇಲಿ ಹೆಣ್ಣು ಹೂವನ್ನು ಸೇರುತ್ತದೆ. ಎನ್‌ಹಾಲಸ್ ಕಡಲಿನಲ್ಲಿ ಮಾಡುವುದೂ ಅದನ್ನೇ. ಆದ್ದರಿಂದ ಕಡಲಹುಲ್ಲಿಗೆ ರೂಢಿಯಲ್ಲಿರುವ ವಿಧಾನವನ್ನು ಹೆಚ್ಚೇನೂ ಬದಲಿಸದೆ ಇಲ್ಲಿ ಬಳಸಬಹುದು. ಪದವಿ ಕಾಲೇಜಿನ ಪ್ರಾಜೆಕ್ಟಿಗೆ, ಕೆರೆ ಸಮಿತಿಯವರಿಗೆ, ಮೀನು ಗುತ್ತಿಗೆದಾರರಿಗೆ ಉಪಯೋಗವಾಗುವಂತೆ ಆ ಕ್ರಮ ಕೆಳಗಿದೆ. ಉಪಕರಣದ ಮುಂದೆ ಕೂರುವ ಹೊತ್ತಿಗೆ ಆಗಬೇಕಾದ ತಪ್ಪುಗಳೆಲ್ಲ ಆಗಿ ಹೋಗಿರುತ್ತವೆ. ಹಾಗಾಗಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೆ ಮುಂಚಿನ ಕೆಲಸಕ್ಕೆ.

ಯಾವ ಸಸ್ಯ, ಯಾವಾಗ, ಎಲ್ಲಿ

ಹೈಡ್ರಿಲ್ಲಾದ ಕಾಂಡದ ಪ್ರತಿ ಗಣ್ಣಿನಲ್ಲಿ ಮೂರರಿಂದ ಎಂಟು ಸಣ್ಣ ಎಲೆಗಳು ಸುತ್ತುಗಟ್ಟಿರುತ್ತವೆ. ಎಲೆಯಂಚಿಗೆ ಹಲ್ಲುಗಳಿರುವುದರಿಂದ ಬೆರಳಲ್ಲಿ ಎಳೆದರೆ ಒರಟು ಹತ್ತುತ್ತದೆ. ವ್ಯಾಲಿಸ್ನೇರಿಯಾಕ್ಕೆ ಮೇಲೆ ಕಾಂಡವಿಲ್ಲ, ಬುಡದಿಂದಲೇ ರಿಬ್ಬನ್ನಿನಂಥ ಉದ್ದ ಎಲೆ ಏಳುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಮಾರುವುದೂ ಇದನ್ನೇ. ಎರಡೂ ಸಿಕ್ಕರೆ ವ್ಯಾಲಿಸ್ನೇರಿಯಾ ಆರಿಸಿಕೊಳ್ಳಿ: ಬೇರು, ಎಲೆ ಬೇರ್ಪಡಿಸುವುದು ಸುಲಭ, ಎಲೆ ಅಗಲವಿರುವುದರಿಂದ ಪಾಚಿ ಕೆರೆಯುವುದೂ ಸುಲಭ. ಸೆರಟೋಫಿಲಂ ನೋಡಲು ಹೈಡ್ರಿಲ್ಲಾದಂತೆಯೇ ಇರುತ್ತದೆ, ಆದರೆ ಅದಕ್ಕೆ ಬೇರಿಲ್ಲ. ಅದನ್ನು ಹೂಳಿನೊಂದಿಗೆ ಹೋಲಿಸಿದರೆ ಅರ್ಥವಿಲ್ಲ. ನೇರಳೆ ಹೂವಿನ ತೇಲುಕಳೆ, ಅಂದರೆ ವಾಟರ್ ಹಯಸಿಂತ್, ಲೋಹವನ್ನು ಚೆನ್ನಾಗಿ ಹೀರುತ್ತದೆ ನಿಜ. ಆದರೆ ಗಾಳಿಗೆ ತೇಲಿ ಇವತ್ತು ತೂಬಿನ ಹತ್ತಿರ, ನಾಳೆ ಕೋಡಿಯ ಹತ್ತಿರ ಇರುವುದರಿಂದ ಯಾವ ಜಾಗದ ಸಾಕ್ಷಿ ಅದು ಎಂದು ಹೇಳಲಾಗದು. ಒಂದು ಕೆರೆಯಲ್ಲಿ ಹೈಡ್ರಿಲ್ಲಾ, ಇನ್ನೊಂದರಲ್ಲಿ ವ್ಯಾಲಿಸ್ನೇರಿಯಾ ತಂದು ಅಕ್ಕಪಕ್ಕ ಇಟ್ಟು ಹೋಲಿಸುವುದೂ ತಪ್ಪು. ಹೀರುವ ಗುಣ ಜಾತಿಯಿಂದ ಜಾತಿಗೆ ಬೇರೆ.

ಸಮಯದ ಮಾತು. ಮೇ ತಿಂಗಳಲ್ಲಿ ನೀರು ಇಳಿದು ಲೋಹ ಸಾಂದ್ರವಾಗಿರುತ್ತದೆ, ಜುಲೈ–ಆಗಸ್ಟಿನಲ್ಲಿ ಹೊಸ ನೀರು ಹೂಳನ್ನೆಲ್ಲ ಕಲಕಿಬಿಡುತ್ತದೆ. ವರ್ಷಕ್ಕೆ ಎರಡೇ ಸಲ ಹೋಗಲು ಸಾಧ್ಯವಿದ್ದರೆ ಮೇ ಮತ್ತು ಅಕ್ಟೋಬರ್ ಕೊನೆಯ ವಾರ ಹಿಡಿಯಿರಿ. ಗಣೇಶ ವಿಸರ್ಜನೆಯ ಪರಿಣಾಮ ನೋಡಬೇಕಿದ್ದರೆ ಹಬ್ಬಕ್ಕೆ ವಾರ ಮೊದಲು ಒಮ್ಮೆ, ವಿಸರ್ಜನೆಯಾಗಿ ಮೂರು ವಾರಕ್ಕೆ ಒಮ್ಮೆ. ಕಲ್ಲಿನ ಇಲ್ಲವೆ ಕಾಂಕ್ರೀಟ್ ಹೊಂಡಗಳಲ್ಲಿ ಸಸ್ಯ ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ತಳದ ಹೂಳು ಮಾತ್ರ ತೆಗೆಯಿರಿ. ಮೂರ್ತಿಯ ಬಣ್ಣದ ಒಂದು ಚಕ್ಕೆ ಮಾದರಿಗೆ ಬಿದ್ದರೂ ಸೀಸ, ಕ್ರೋಮಿಯಂ ಒಮ್ಮೆಲೇ ಜಿಗಿಯುತ್ತವೆ. ಹಾಗಾಗಿ ಅಲ್ಲಿ ಒಂದೇ ಮಾದರಿ ನಂಬಬೇಡಿ.

ಜಾಗ ನಾಲ್ಕಾದರೂ ಬೇಕು: ನಾಲೆ ಕೆರೆಗೆ ಸೇರುವ ಬಾಯಿ, ನಡು, ತೂಬಿನ ಬಳಿ, ಮತ್ತು ಊರ ನೀರು ಸೇರದ ಬೇರೊಂದು ಕೆರೆ. ಈ ನಾಲ್ಕನೆಯದನ್ನೇ ಬಹಳ ಜನ ಬಿಡುತ್ತಾರೆ. ಅದಿಲ್ಲದಿದ್ದರೆ ಉಳಿದ ಮೂರರ ಅಂಕಿ ಹೆಚ್ಚೋ ಕಡಿಮೆಯೋ ಎಂದು ಹೇಳಲು ಆಧಾರವೇ ಇರುವುದಿಲ್ಲ. ವಿಜಯಪುರದ ಭೂತನಾಳ ಕೆರೆಗೆ ಹೋಲಿಕೆಯಾಗಿ ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲದ ಕೆರೆ ಆರಿಸಬೇಡಿ. ಮಣ್ಣು ಅದೇ ಬಗೆಯದಿರಬೇಕು.

ಹೊರಡುವ ಮೊದಲು ಕೆರೆ ಯಾರ ಸುಪರ್ದಿಯಲ್ಲಿದೆ ನೋಡಿ ಒಪ್ಪಿಗೆ ಪಡೆಯಿರಿ. ಮೀನು ಹಿಡಿಯುವವರ ತೆಪ್ಪ ಬಾಡಿಗೆಗೆ ಸಿಕ್ಕರೆ ಅವರನ್ನೇ ಕರೆದುಕೊಳ್ಳಿ, ಸಸ್ಯ ಎಲ್ಲಿದೆ, ಹೂಳು ಎಷ್ಟು ಆಳ ಎಂಬುದು ಅವರಿಗೆ ಗೊತ್ತು. ಕೃಷ್ಣಾ ನದಿಯಲ್ಲೂ ಆಲಮಟ್ಟಿ ಹಿನ್ನೀರಿನಲ್ಲೂ ಮೊಸಳೆಗಳಿವೆ. ಅಲ್ಲಿ ಎದೆಮಟ್ಟದ ನೀರಿಗೆ ಇಳಿದು ಕೀಳುವ ಸಾಹಸ ಬೇಡ, ತೆಪ್ಪದಿಂದಲೇ ಪ್ಲಾಸ್ಟಿಕ್ ಹಲ್ಲಿನ ಕುಂಟೆ ಹಾಕಿ ಎಳೆಯಿರಿ.

ಕೈಚೀಲದಲ್ಲಿ ಏನಿರಬೇಕು, ಏನಿರಬಾರದು

ಸತು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವವರಲ್ಲಿ ಅರ್ಧ ಜನ ಅದನ್ನು ತಾವೇ ಹೊತ್ತೊಯ್ದಿರುತ್ತಾರೆ. ತಗಡಿನ ಬಕೆಟ್, ಪುಡಿ ಹಚ್ಚಿದ ರಬ್ಬರ್ ಕೈಗವಸು, ರಬ್ಬರ್ ಬಿರಡೆ, ಬಿಸಿಲಿಗೆ ಹಚ್ಚಿಕೊಂಡ ಕ್ರೀಮು, ಎಲ್ಲದರಲ್ಲೂ ಸತು ಇದೆ. ಬೀಡಿ, ಸಿಗರೇಟಿನ ಬೂದಿಯಲ್ಲಿ ಕ್ಯಾಡ್ಮಿಯಂ. ಸಿವಿಲ್ ಲ್ಯಾಬಿನಿಂದ ಎರವಲು ತಂದ ಹಿತ್ತಾಳೆ ಜರಡಿಯಲ್ಲಿ ತಾಮ್ರ, ಸತು ಎರಡೂ. ಮನೆಯ ಮಿಕ್ಸರಿನ ಸ್ಟೀಲ್ ಬ್ಲೇಡಿನಿಂದ ಕ್ರೋಮಿಯಂ, ನಿಕಲ್. ಹಿತ್ತಾಳೆಯ ನಲ್ಲಿಯಿಂದ ಬಂದ ನೀರೂ ತಾಮ್ರ ತರುತ್ತದೆ. ಗೇರೇಜಿನಲ್ಲಿ ಸಿಗುವ ಬ್ಯಾಟರಿ ನೀರನ್ನು ಶುದ್ಧವೆಂದು ನಂಬಬೇಡಿ. ಬಳಸಲೇಬೇಕಾದರೆ ಮೊದಲು ಅದನ್ನೇ ಒಂದು ಮಾದರಿಯಾಗಿ ಅಳೆಸಿ.

ಬೇಕಾದದ್ದು ಇಷ್ಟು: ಪುಡಿಯಿಲ್ಲದ ನೈಟ್ರೈಲ್ ಕೈಗವಸು, ಬಿಳಿ ಅಥವಾ ಬಣ್ಣವಿಲ್ಲದ ಪ್ಲಾಸ್ಟಿಕ್ ಬಕೆಟ್, ಪ್ಲಾಸ್ಟಿಕ್ ಸನಿಕೆ, ಜಿಪ್ ಚೀಲ, 250 ಮಿಲಿ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಬಾಟಲಿ, 0.45 ಮೈಕ್ರಾನಿನ ಸಿರಿಂಜ್ ಫಿಲ್ಟರ್, ಪಿಎಚ್ ಮೀಟರ್, ಐಸ್ ಪೆಟ್ಟಿಗೆ, ಪೆನ್ಸಿಲ್. ಬಾಟಲಿಗಳನ್ನು ಹಿಂದಿನ ದಿನವೇ ಶೇಕಡಾ 10ರ ನೈಟ್ರಿಕ್ ಆಮ್ಲದಲ್ಲಿ 24 ಗಂಟೆ ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ತೊಳೆದು, ಬಾಯಿ ಮುಚ್ಚಿಡಿ. ಚೀಟಿಯನ್ನು ಪೆನ್ಸಿಲಿನಿಂದ ಬರೆದು ಎರಡನೆಯ ಚೀಲದೊಳಗೆ ಹಾಕಿ. ಮಾರ್ಕರ್ ಬರಹ ಒದ್ದೆ ಚೀಲದ ಮೇಲೆ ಐಸ್ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಉಳಿಯುವುದಿಲ್ಲ.

ತೆಗೆಯುವ ಬಗೆ

ಮೊದಲು ನೀರು, ಆಮೇಲೆ ಸಸ್ಯ, ಕೊನೆಗೆ ಹೂಳು. ಈ ಕ್ರಮ ತಪ್ಪಿದರೆ ಕಲಕಿದ ರಾಡಿ ನೀರಿನ ಬಾಟಲಿಗೆ ಬರುತ್ತದೆ. ನೀರನ್ನು ಅಲ್ಲೇ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವವರೆಗೆ ಹನಿ ಹನಿಯಾಗಿ ಶುದ್ಧ ನೈಟ್ರಿಕ್ ಆಮ್ಲ ಹಾಕಿ. ಹೀಗೆ ಮಾಡಿದ ಬಾಟಲಿ ಆರು ತಿಂಗಳವರೆಗೆ ನಡೆಯುತ್ತದೆ. ಪಾದರಸಕ್ಕೆ ಮಾತ್ರ 28 ದಿನದ ಗಡುವು. ಆಮ್ಲ ಹಾಕದೆ ಬಿಟ್ಟರೆ ಸೀಸ ಬಾಟಲಿಯ ಗೋಡೆಗೆ ಅಂಟಿ, ಫಲಿತಾಂಶದಲ್ಲಿ ನೀರು ಇರುವುದಕ್ಕಿಂತ ಸ್ವಚ್ಛವಾಗಿ ಕಾಣುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶದ ನಾಲೆಗಳಲ್ಲಿ ಪ್ಲೇಟಿಂಗ್ (ಲೋಹಲೇಪನ) ಘಟಕದ ನೀರಿನ ಸಂಶಯವಿದ್ದು, ಕ್ರೋಮಿಯಮ್ಮಿನ ಹೆಚ್ಚು ವಿಷಕಾರಿ ರೂಪವಾದ ಆರು ವೇಲೆನ್ಸಿಯ ಕ್ರೋಮಿಯಂ ನೋಡಬೇಕೆಂದಿದ್ದರೆ ಬೇರೆಯೇ ಬಾಟಲಿ ಇಡಿ. ಅದಕ್ಕೆ ಆಮ್ಲ ಹಾಕಬಾರದು, ತಣ್ಣಗಿಟ್ಟು 24 ಗಂಟೆಯೊಳಗೆ ಡೈಫಿನೈಲ್‌ಕಾರ್ಬಜೈಡ್ ವಿಧಾನದಿಂದ 540 ನ್ಯಾನೊಮೀಟರಿನಲ್ಲಿ ಓದಬೇಕು. ಲೋಹ ಅಳೆಯುವ ಎಎಎಸ್ (ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್) ಉಪಕರಣ ಕೊಡುವುದು ಒಟ್ಟು ಕ್ರೋಮಿಯಂ ಮಾತ್ರ.

ಸಸ್ಯವನ್ನು ಎಳೆದು ಕೀಳಬೇಡಿ, ಬೇರು ಹೂಳಿನಲ್ಲೇ ಉಳಿಯುತ್ತದೆ. ಸನಿಕೆಯಿಂದ ಬುಡದ ಸುತ್ತ 10 ಸೆಂಟಿಮೀಟರ್ ಬಿಟ್ಟು ಹೆಂಟೆಯ ಸಮೇತ ಎತ್ತಿ, ಕೆರೆ ನೀರಿನಲ್ಲೇ ಅಲುಗಾಡಿಸಿ ಮಣ್ಣು ಬಿಡಿಸಿ. ಒಂದು ಜಾಗದ ಒಂದು ಮಾದರಿಗೆ ಐದಾರು ಗಿಡ ಸೇರಿಸಿ. ಅಂಥ ಮಾದರಿ ಮೂರು. ಈ ಸಸ್ಯಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರೇ ಆದ್ದರಿಂದ 200 ಗ್ರಾಂ ಹಸಿ ತಂದರೆ ಒಣಗಿ ಉಳಿಯುವುದು ಹತ್ತು–ಹದಿನೈದು ಗ್ರಾಂ. ಬೇರು ಇನ್ನೂ ಕಡಿಮೆ. ಬೇರು ಸಾಲದೆ ಅರ್ಧಕ್ಕೆ ನಿಲ್ಲುವ ಪ್ರಾಜೆಕ್ಟುಗಳು ಬಹಳ, ಬೇಕೆನಿಸಿದ್ದಕ್ಕಿಂತ ಎರಡರಷ್ಟು ತೆಗೆಯಿರಿ.

ಹೂಳಿನ ಮೇಲಿನ 5 ಸೆಂಟಿಮೀಟರ್ ಪದರ ಈಚಿನ ವರ್ಷಗಳದು. ಜೊತೆಗೆ 2 ಇಂಚಿನ ಪಿವಿಸಿ ಪೈಪನ್ನು ಸಾಧ್ಯವಾದಷ್ಟು ಆಳಕ್ಕೆ ಒತ್ತಿ, ಮೇಲಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಮೇಲೆತ್ತಿದರೆ ಹಳೆಯ ಪದರವೂ ಸಿಗುತ್ತದೆ. ಇದು ಏಕೆ ಬೇಕೆಂದು ಮುಂದೆ ಬರುತ್ತದೆ. ಕೆರೆಯ ಹೂಳೆತ್ತಿದ್ದು ಯಾವ ವರ್ಷ ಎಂದು ಊರಲ್ಲಿ ಕೇಳಿ. ಹೂಳೆತ್ತಿದ ಕೆರೆಯಲ್ಲಿ ಪದರಗಳ ಲೆಕ್ಕ ತಲೆಕೆಳಗಾಗಿರುತ್ತದೆ.

ತೊಳೆಯುವುದರಲ್ಲೇ ಇದೆ ಎಲ್ಲ

ಎಲೆಯನ್ನು ಬೆಳಕಿಗೆ ಹಿಡಿಯಿರಿ. ಹಸಿರಿನ ಮೇಲೆ ಕಂದು ಬಣ್ಣದ ತೆಳು ಲೇಪ ಕಾಣುತ್ತದೆ, ಉಗುರಿಗೆ ಜಿಡ್ಡಿನಂತೆ ಬರುತ್ತದೆ. ಅದು ಪಾಚಿ, ಸೂಕ್ಷ್ಮಜೀವಿ, ಅದರಲ್ಲಿ ಸಿಕ್ಕಿಕೊಂಡ ಎರೆ ಮಣ್ಣು. ಹಳೆಯ ಎಲೆಯಾದರೆ ಸುಣ್ಣದ ಪುಡಿಯೂ ಸೇರಿರುತ್ತದೆ. ಕಡಲಹುಲ್ಲಿನ ಅಧ್ಯಯನಗಳಿಗೂ ಇದೇ ಕಾಟ: ಎಲೆಯ ಲೋಹವೆಂದು ಅಳೆದದ್ದರಲ್ಲಿ ಎಷ್ಟೋ ಪಾಲು ಎಲೆಯ ಮೇಲಿನ ಲೇಪದ್ದು. ಗಾಜಿನ ಸ್ಲೈಡಿನ ಅಂಚಿನಿಂದ ಬುಡದಿಂದ ತುದಿಯ ಕಡೆಗೆ, ಎಲೆ ಹರಿಯದಂತೆ ಎರಡೂ ಬದಿ ಕೆರೆಯಿರಿ. ಹೈಡ್ರಿಲ್ಲಾದ ಎಲೆ ಇದಕ್ಕೆ ಬಗ್ಗುವುದಿಲ್ಲ. ಅದರ ಹಳೆಯ ಭಾಗ ಬಿಟ್ಟು ತುದಿಯ 15 ಸೆಂಟಿಮೀಟರ್ ಮಾತ್ರ ತೆಗೆದುಕೊಂಡು ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಜಾಲಾಡಿಸಿ. ಜಾಲಾಡಿಸಿ ಅಂದರೆ ಅಷ್ಟೇ. ಗಂಟೆಗಟ್ಟಲೆ ನೆನೆಸಿಟ್ಟರೆ ಒಳಗಿನ ಲವಣಗಳೂ ಹೊರಬರುತ್ತವೆ. ಆಮ್ಲದಿಂದ ಎಲೆ ತೊಳೆಯುವುದಂತೂ ಕೂಡದು.

ಬೇರಿಗೆ ಇನ್ನೊಂದು ಹೆಜ್ಜೆ ಇದೆ. ಬೇರಿನ ಮೇಲೆ ಕೆಂಪು ತುಕ್ಕಿನಂಥ ಕಬ್ಬಿಣದ ಲೇಪ ಕೂತು, ಅದು ಸೀಸ, ಸತು, ತಾಮ್ರಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಲೀಟರ್ ನೀರಿಗೆ 3.72 ಗ್ರಾಂ ಡೈಸೋಡಿಯಂ ಇಡಿಟಿಎ (ಲೋಹವನ್ನು ಹಿಡಿದುಕೊಳ್ಳುವ ಲವಣ) ಕರಗಿಸಿ, ಬೇರನ್ನು ಅದರಲ್ಲಿ 10 ನಿಮಿಷ ಇಟ್ಟು ಮತ್ತೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದರೆ ಮೇಲ್ಮೈಗೆ ಸಡಿಲವಾಗಿ ಅಂಟಿದ್ದು ಹೋಗುತ್ತದೆ. ತುಕ್ಕಿನ ಲೇಪ ಪೂರ್ತಿ ಹೋಗುವುದಿಲ್ಲ. ಎಲ್ಲ ಮಾದರಿಗೂ ಒಂದೇ ಬಗೆ ಮಾಡಿ, ವರದಿಯಲ್ಲಿ ಬರೆಯಿರಿ.

ಲ್ಯಾಬಿನ ಓವನ್ನಿನಲ್ಲಿ 65 ಡಿಗ್ರಿಯಲ್ಲಿ 48 ಗಂಟೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಪಾದರಸ ಅಳೆಯುವ ಪಾಲನ್ನು ಬೇರೆ ಮಾಡಿ 40 ಡಿಗ್ರಿ ದಾಟದಂತೆ ಒಣಗಿಸಿ, ಇಲ್ಲದಿದ್ದರೆ ಆವಿಯಾಗಿ ಹೋಗುತ್ತದೆ. ಮಾಳಿಗೆಯ ಮೇಲೆ ಹಳೆ ಪೇಪರ್ ಹಾಸಿ ಬಿಸಿಲಿಗೆ ಹಾಕುವ ರೂಢಿ ಬಿಡಿ. ಮೇಲಿನಿಂದ ರಸ್ತೆ ಧೂಳು, ಕೆಳಗಿನಿಂದ ಮುದ್ರಣದ ಶಾಯಿ, ಮತ್ತು ಬೆಳಗಾವಿಯ ಮಳೆಗಾಲದಲ್ಲಿ ಒಣಗುವ ಬದಲು ಕೊಳೆಯುತ್ತದೆ. ಪಿಂಗಾಣಿ ಅಥವಾ ಅಗೇಟ್ ಖಲದಲ್ಲಿ ಅರೆದು, ಹೂಳನ್ನಾದರೆ ಮೊದಲು 2 ಮಿಲಿಮೀಟರ್, ಆಮೇಲೆ 63 ಮೈಕ್ರಾನ್ ನೈಲಾನ್ ಜರಡಿ ಹಿಡಿಯಿರಿ. ಲೋಹ ಅಂಟುವುದು ನುಣುಪು ಕಣಕ್ಕೆ. ಒಂದು ಜಾಗದ ಹೂಳು ಮರಳಾಗಿದ್ದು ಇನ್ನೊಂದು ಜಿಗುಟಾಗಿದ್ದರೆ, ಜರಡಿ ಹಿಡಿಯದೆ ಮಾಡಿದ ಹೋಲಿಕೆ ಮರಳಿನ ಹೋಲಿಕೆಯಾಗುತ್ತದೆ.

ಕರಗಿಸುವುದು, ಓದಿಸುವುದು

ಸಸ್ಯದ ಪುಡಿ 0.5 ಗ್ರಾಂ ತೂಗಿ, 8 ಮಿಲಿ ಸಾಂದ್ರ ನೈಟ್ರಿಕ್ ಆಮ್ಲ ಹಾಕಿ, ಗಡಿಯಾರ ಗಾಜು (ವಾಚ್ ಗ್ಲಾಸ್) ಮುಚ್ಚಿ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ಡಿನೊಳಗೆ ರಾತ್ರಿಯಿಡೀ ಬಿಡಿ. ಈ ರಾತ್ರಿಯನ್ನು ಉಳಿಸಲು ಹೋದವರ ಬೀಕರಿನಲ್ಲಿ ಬೆಳಿಗ್ಗೆ ಕಂದು ಹೊಗೆಯೆದ್ದು ಎಲ್ಲ ನೊರೆಯಾಗಿ ಉಕ್ಕುತ್ತದೆ. ಮರುದಿನ 95 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಪೂರ್ತಿ ಆರಿದ ಮೇಲೆ ಶೇಕಡಾ 30ರ ಹೈಡ್ರೋಜನ್ ಪೆರಾಕ್ಸೈಡ್ 2 ಮಿಲಿಯನ್ನು ಹನಿಹನಿಯಾಗಿ ಬಿಟ್ಟು ಮತ್ತೆ ಕಾಯಿಸಿ. ದ್ರಾವಣ ತಿಳಿಯಾಗಿ ತಿಳಿಹಳದಿಗೆ ಬಂದರೆ ಸಾಕು. ಬಿಸಿ ಇರುವಾಗಲೇ ಪೆರಾಕ್ಸೈಡ್ ಸುರಿಯುವುದು ಅಪಾಯ, ಸಿಡಿಯುತ್ತದೆ. ವಾಟ್‌ಮನ್ 42 ಕಾಗದದಲ್ಲಿ ಸೋಸಿ, ಡಿಸ್ಟಿಲ್ಡ್ ನೀರು ಸೇರಿಸಿ 50 ಮಿಲಿಗೆ ತನ್ನಿ.

ಹೂಳಿಗೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್. 1 ಗ್ರಾಂಗೆ ಒಟ್ಟು 12 ಮಿಲಿ. ಇದು ಸಿಲಿಕೇಟನ್ನು ಕರಗಿಸುವುದಿಲ್ಲ, ಹಾಗಾಗಿ ಸಿಗುವುದು ಪೂರ್ಣ ಲೋಹವಲ್ಲ. ಹೋಲಿಸುವ ಹಳೆ ಪದರವನ್ನೂ ಇದೇ ಆಮ್ಲದಲ್ಲಿ ಕರಗಿಸಿದರೆ ತೊಂದರೆಯಿಲ್ಲ.

ಪ್ರತಿ ಹತ್ತು ಮಾದರಿಗೆ ಪುಡಿಯಿಲ್ಲದೆ ಆಮ್ಲ ಮಾತ್ರ ಹಾಕಿದ ಒಂದು ಖಾಲಿ ಬೀಕರು, ಒಂದೇ ಪುಡಿಯನ್ನು ಎರಡು ಸಲ ತೂಗಿದ ಒಂದು ಜೋಡಿ ಮಾದರಿ, ಗೊತ್ತಿರುವಷ್ಟು ಲೋಹ ಬೆರೆಸಿದ ಒಂದು ಮಾದರಿ ಇರಲಿ. ಬೆರೆಸಿದ್ದರಲ್ಲಿ ಶೇಕಡಾ 80ರಿಂದ 120 ಮರಳಿ ಸಿಗಬೇಕು. ಲೋಹದ ಪ್ರಮಾಣ ಮೊದಲೇ ಖಚಿತವಾಗಿರುವ ಪ್ರಮಾಣಿತ ಮಾದರಿ ಕೊಳ್ಳಲು ಹಣವಿದ್ದರೆ ಬಿಸಿಆರ್-60 ಹುಡುಕಿ. ಅದು ಲ್ಯಾಗರೋಸೈಫನ್ ಎಂಬ ಜಲಸಸ್ಯದ ಪುಡಿ, ಹೈಡ್ರಿಲ್ಲಾದ ಕುಟುಂಬದ್ದೇ. ಸಿಗದಿದ್ದರೆ ನಿಸ್ಟ್ 1515 ಸೇಬಿನ ಎಲೆ.

ಲೆಕ್ಕ ಸರಳ. ಉಪಕರಣ ತಾಮ್ರ ಲೀಟರಿಗೆ 0.46 ಮಿಗ್ರಾಂ ತೋರಿಸಿ, ಖಾಲಿ ಬೀಕರು 0.02 ತೋರಿಸಿದರೆ, 0.44 × 50 ÷ 0.5 = ಕೆಜಿಗೆ 44 ಮಿಗ್ರಾಂ. ಫ್ಲೇಮ್ ಎಎಎಸ್‌ನಲ್ಲಿ ತಾಮ್ರ, ಸತು ಚೆನ್ನಾಗಿ ಓದುತ್ತವೆ. ಆದರೆ ಎಲೆಯೊಳಗಿನ ಕ್ಯಾಡ್ಮಿಯಂ, ಸೀಸಗಳು ಅದರ ಕೈಗೆ ಸಿಗುವ ಅಂಚಿನಲ್ಲಿರುತ್ತವೆ. ಇವೆರಡೇ ಮುಖ್ಯವಾದರೆ ಇನ್ನೂ ಸೂಕ್ಷ್ಮವಾಗಿ ಓದುವ ಗ್ರಾಫೈಟ್ ಫರ್ನೇಸ್ ಅಥವಾ ಐಸಿಪಿ-ಎಂಎಸ್ ಉಪಕರಣ ಇರುವ ಲ್ಯಾಬಿಗೆ ಕಳಿಸಿ. ಪತ್ತೆಯಾಗದ್ದನ್ನು ಸೊನ್ನೆ ಎಂದು ಬರೆಯಬೇಡಿ, ಪತ್ತೆಯ ಮಿತಿಗಿಂತ ಕಡಿಮೆ ಎಂದು ಮಿತಿಯ ಅಂಕಿಯೊಂದಿಗೆ ಬರೆಯಿರಿ.

ಎರೆ ಮಣ್ಣಿನ ತಾಮ್ರ

ನಮ್ಮ ಭಾಗದ ವರದಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ವಿಜಯಪುರ ಜಿಲ್ಲೆಯ ಬಹುಭಾಗ, ಬೆಳಗಾವಿ–ಬಾಗಲಕೋಟೆಯ ಉತ್ತರ ಭಾಗ ದಖ್ಖನ್ ಬಸಾಲ್ಟಿನ ಮೇಲೆ ಕೂತಿವೆ. ಆ ಕಲ್ಲು ಸವೆದು ಆದ ಎರೆಯಲ್ಲಿ ತಾಮ್ರ, ನಿಕಲ್, ಕ್ರೋಮಿಯಂ ಹುಟ್ಟಿನಿಂದಲೇ ಹೆಚ್ಚು. ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಗ್ರಾನೈಟ್ ಕಡೆ ಹಾಗಿಲ್ಲ. ಪುಸ್ತಕಗಳು ಹೋಲಿಕೆಗೆ ಕೊಡುವುದು ಜಾಗತಿಕ ಸರಾಸರಿ ಶೇಲ್ ಕಲ್ಲಿನ (ಜೇಡಿ ಗಟ್ಟಿಯಾಗಿ ಆದ ಪದರಗಲ್ಲು) ಅಂಕಿ: ಕೆಜಿಗೆ ತಾಮ್ರ 45, ನಿಕಲ್ 68, ಕ್ರೋಮಿಯಂ 90, ಸತು 95, ಸೀಸ 20, ಕ್ಯಾಡ್ಮಿಯಂ 0.3 ಮಿಗ್ರಾಂ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಮೇಲಿನ ಹೂಳಿನಲ್ಲಿ ಕೆಜಿಗೆ ತಾಮ್ರ 130, ಅಲ್ಯೂಮಿನಿಯಂ 60,000 ಮಿಗ್ರಾಂ. ಶೇಲಿನ ತಾಮ್ರ 45, ಅಲ್ಯೂಮಿನಿಯಂ 80,000. ಅಲ್ಯೂಮಿನಿಯಂ ಬಹುಪಾಲು ಮಣ್ಣಿನದೇ ಆದ್ದರಿಂದ ಅದನ್ನೇ ಅಳತೆಗೋಲಾಗಿ ಹಿಡಿದು, ಪ್ರತಿಯೊಂದರಲ್ಲೂ ತಾಮ್ರವನ್ನು ಅಲ್ಯೂಮಿನಿಯಮ್ಮಿನಿಂದ ಭಾಗಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.85 ಬರುತ್ತದೆ, ಅಂದರೆ ಮಧ್ಯಮ ಮಟ್ಟದ ಮಾಲಿನ್ಯ. ಈಗ ಅದೇ ಕೆರೆಯ ಆಳದ ಪದರದಲ್ಲಿ ತಾಮ್ರ 110, ಅಲ್ಯೂಮಿನಿಯಂ 58,000 ಇದ್ದು, ಶೇಲಿನ ಬದಲು ಅದಕ್ಕೆ ಹೋಲಿಸಿದರೆ ಅನುಪಾತ 1.14. ಈ ಅನುಪಾತ 2ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾಲಿನ್ಯವೆನ್ನುವುದಿಲ್ಲ. ಹೂಳು ಒಂದೇ, ತೀರ್ಪು ಎರಡು. ಪಿವಿಸಿ ಪೈಪಿನ ಕೆಲಸ ಇದಕ್ಕೇ. ಪೈಪು ಇಳಿಯದಿದ್ದರೆ ಮೇ ತಿಂಗಳಲ್ಲಿ ಒಣಗಿದ ಅಂಗಳದಲ್ಲಿ ಗುಂಡಿ ತೋಡಬಹುದು. ಆದರೆ ಎರೆ ಬಿರಿದಾಗ ಮೇಲಿನ ಮಣ್ಣು ಬಿರುಕಿನೊಳಗೆ ಮೀಟರಿನಷ್ಟು ಆಳಕ್ಕೂ ಉದುರಿರುತ್ತದೆ, ಬಿರುಕು ಮುಗಿದ ಜಾಗದ ಕೆಳಗಿನಿಂದ ತೆಗೆಯಿರಿ.

ಹಾಗೆಂದು ತಾಮ್ರವನ್ನೆಲ್ಲ ಕಲ್ಲಿನ ತಲೆಗೆ ಕಟ್ಟುವಂತೆಯೂ ಇಲ್ಲ. ದ್ರಾಕ್ಷಿ ತೋಟಗಳಿಗೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ; ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದಲ್ಲಿ ಸತು, ಮ್ಯಾಂಗನೀಸ್. ರಂಜಕದ ಗೊಬ್ಬರಗಳೊಂದಿಗೆ ಸ್ವಲ್ಪ ಕ್ಯಾಡ್ಮಿಯಂ ಬರುತ್ತದೆ. ಇದನ್ನು ಬಿಡಿಸಿ ಹೇಳುವುದು ಸಸ್ಯ. ಕಲ್ಲಿನ ಹರಳಿನೊಳಗೆ ಬಂಧಿಯಾದ ತಾಮ್ರ ಬೇರಿಗೆ ಅಷ್ಟಾಗಿ ಸಿಗುವುದಿಲ್ಲ, ಈಚೆಗೆ ಹರಿದು ಬಂದದ್ದು ಸಿಗುತ್ತದೆ. ಎರಡು ಕೆರೆಯ ಹೂಳಿನಲ್ಲಿ ತಾಮ್ರ ಸಮವಿದ್ದು, ತೋಟದ ಕೆಳಗಿನ ಕೆರೆಯ ಬೇರಿನಲ್ಲಿ ಮಾತ್ರ ಹೆಚ್ಚಿದ್ದರೆ ನೋಡಬೇಕಾದ್ದು ತೋಟದ ಕಡೆಗೆ.

ಎಲೆಯ ಅಂಕಿಯನ್ನು ಬೇರಿನ ಅಂಕಿಯಿಂದ ಭಾಗಿಸಿ ನೋಡಿ. ಸೀಸ ಬಹುಪಾಲು ಬೇರಿನಲ್ಲೇ ನಿಲ್ಲುವ ಲೋಹ. ಅದು ಎಲೆಯಲ್ಲಿ ಬೇರಿಗಿಂತ ಹೆಚ್ಚು ಕಂಡರೆ ಒಂದೋ ನೀರಿನಿಂದ ನೇರ ಬಂದಿದೆ, ಇಲ್ಲವೇ ಎಲೆ ಸರಿಯಾಗಿ ತೊಳೆದಿಲ್ಲ. ಎರಡನೆಯದನ್ನು ಪರೀಕ್ಷಿಸಲು ಅದೇ ದ್ರಾವಣದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಓದಿಸಿ. ಅವೂ ಜೊತೆಗೇ ಏರಿದ್ದರೆ ನೀವು ಅಳೆದದ್ದು ಎರೆ ಮಣ್ಣನ್ನು.

ಕುಡಿಯುವ ನೀರಿನ ಮಾನಕದ ಅಂಕಿಗಳನ್ನು (ಐಎಸ್ 10500 ಪ್ರಕಾರ ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ಒಟ್ಟು ಕ್ರೋಮಿಯಂ 0.05 ಮಿಗ್ರಾಂ) ನೀರಿನ ಬಾಟಲಿಗೆ ಮಾತ್ರ ಅನ್ವಯಿಸಿ. ಸಸ್ಯದ ಕೆಜಿ ಲೆಕ್ಕವನ್ನು ಇದಕ್ಕೆ ಹೋಲಿಸಿ "ಸಾವಿರ ಪಟ್ಟು ವಿಷ" ಎಂದು ಪತ್ರಿಕೆಗೆ ಕೊಡುವುದು ದೊಡ್ಡ ತಪ್ಪು. ತಾಮ್ರ, ಸತು ಗಿಡಕ್ಕೆ ಬೇಕಾದ ಧಾತುಗಳೇ. ಒಣ ಎಲೆಯ ಕೆಜಿಗೆ 5–20 ಮಿಗ್ರಾಂ ತಾಮ್ರ ಇರುವುದು ಸಹಜ.

ಉಳಿದ ಆಮ್ಲವನ್ನು ನೀರಿನಲ್ಲಿ ತೆಳುವಾಗಿಸಿ, ಸುಣ್ಣ ಹಾಕಿ ಪಿಎಚ್ 7ರ ಹತ್ತಿರ ತಂದು, ತಳಕ್ಕಿಳಿದ ಗಸಿಯನ್ನು ಲ್ಯಾಬಿನ ಅಪಾಯಕಾರಿ ತ್ಯಾಜ್ಯದ ಡಬ್ಬಕ್ಕೆ ಹಾಕಿ. ಮಿಕ್ಕ ಹಸಿ ಸಸ್ಯವನ್ನು ದನಕ್ಕೆ ಹಾಕಬೇಡಿ, ತಿಪ್ಪೆಗೂ ಬೇಡ. ಹೈಡ್ರಿಲ್ಲಾ ಒಂದೇ ಗಣ್ಣಿನ ತುಂಡಿನಿಂದಲೂ ಚಿಗುರುತ್ತದೆ. ಆದ್ದರಿಂದ ಒಂದು ಕೆರೆಯಿಂದ ಇನ್ನೊಂದಕ್ಕೆ ಹೊರಡುವ ಮೊದಲು ಕುಂಟೆಯ ಹಲ್ಲು, ಬಕೆಟಿನ ತಳ, ತೆಪ್ಪದ ಹೊರಮೈ, ಚಪ್ಪಲಿಯ ಅಡಿ ನೋಡಿ, ಸಿಕ್ಕಿಕೊಂಡ ಎಳೆಗಳನ್ನು ಕಿತ್ತು ಅದೇ ದಂಡೆಯ ಒಣ ನೆಲದ ಮೇಲೆ ಬಿಸಿಲಿಗೆ ಬಿಡಿ.